ಹತ್ತಿರದ ದಡ

ಬಾಗಿಲು ಹೊರಗಿನಿಂದ ಮುಚ್ಚಿತು.

ಧಡ್!

ಆಮೇಲೆ ಚಿಲಕ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ...

ಹೊರಗೆ ರುವೈಸ್ ಬಂದರಿನ ಬಿಸಿಲು. ಒಳಗೆ ಸೊಂಟದೆತ್ತರ ಪುಡಿ ಐಸ್. ಮರುಭೂಮಿಯಲ್ಲಿ ಚಳಿಗೆ ಸಾಯುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂದಿತ್ತು!

"ಜೇಕಬ್!" ನಾನು ಬಾಗಿಲಿಗೆ ಗುದ್ದಿದೆ. "ತೆಗಿ!"

"ಸಂಜೆ ತೆಗೀತೇನೆ ಮೊಯ್ದಿನ್ ಭಾಯ್." ದಪ್ಪ ಬಾಗಿಲಿನಾಚೆಯಿಂದ ಅವನ ಮಲಯಾಳ ತಣ್ಣಗೆ ಬಂತು. "ಟಿಕೆಟ್ ಬರ್ಲಿ. ನಿಮ್ಮ ದೋಸ್ತ್ ಬೊಂಬಾಯಿ ವಿಮಾನ ಹತ್ತಲಿ. ನೀವು ರೂಮಿಗೆ ಹೋಗಿ ಬಿರಿಯಾನಿ ತಿನ್ನಿ."

"ಸಂಜೆಗೆ ನಾವು ಹಮೂರ್ ಮೀನಿನ ಹಾಗೆ ಗಟ್ಟಿಯಾಗಿರ್ತೇವೆ!"

"ಹಾಗಾದ್ರೆ ಟಿಕೆಟ್ ದುಡ್ಡು ಉಳೀತು."

ನಕ್ಕ. ಹೆಜ್ಜೆಗಳು ದೂರವಾದವು.

ನನ್ನ ಪಕ್ಕದಲ್ಲಿ ರಮೀಝ್ ನಿಂತಿದ್ದ. ಈ ಐಸ್ ಪ್ಲಾಂಟಿನ ಆಪರೇಟರ್. ಅವನಿಗೆ ಭಯವಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು... ಏನೋ ಓದುತ್ತಿದ್ದ.

"ಎಂತ ಮಾರಾಯ, ಸಾಯುವ ಮೊದಲೇ ನಮ್ಮ ಮಯ್ಯತ್ತಿಗೆ ಓದ್ಲಿಕ್ಕೆ ಶುರು ಮಾಡಿದ್ಯಾ?"

"ಅಣ್ಣುವಿಗೆ, ಇಚ್ಚಾ," ಅವನೆಂದ. ಬ್ಯಾರಿಯಲ್ಲಿ ಅಣ್ಣನಿಗೆ ಹಾಗೆನ್ನುತ್ತಾರೆ. "ಅವ ಅಲ್ಲಿ ಒಬ್ನೇ ಇದ್ದಾನೆ."

ಅಣ್ಣು. ಇಡೀ ಕತೆ ಆ ಹೆಸರಿನದು. ಐಸ್ ಸ್ವಲ್ಪ ಕಾಯಲಿ. ಮೊದಲು ನಾನು ಅದರೊಳಗೆ ಹೇಗೆ ಬಂದೆ ಎಂದು ಹೇಳಿಬಿಡುತ್ತೇನೆ, ಕೇಳಿ.

ನಾನು ಮೊಯ್ದಿನ್ ಕುಂಞಿ. ಉಳ್ಳಾಲದ ಕಡೆಯವನು. ದೋಹಾದ ಬಿನ್ ಒಮ್ರಾನಿನಲ್ಲಿ, ಲಾಂಡ್ರಿಯ ಮೇಲೆ ನನ್ನ ರೂಮು. ಬೋರ್ಡ್ ಇಲ್ಲ. ಮಾಲೀಕನಿಂದ ಓಡಿ ಬಂದವರು, ಓಡಿ ಹೋದವರನ್ನು ಹುಡುಕುವ ಮಾಲೀಕರು... ಇಬ್ಬರೂ ಅದೇ ಮೆಟ್ಟಿಲು ಹತ್ತುತ್ತಾರೆ. ಕೆಲವೊಮ್ಮೆ ಒಂದೇ ದಿನ! ನಾನು ಹೆಚ್ಚು ಮಾತಾಡುವುದಿಲ್ಲ. ಕೇಳುತ್ತೇನೆ. ಈ ಕೆಲಸದಲ್ಲಿ ಅರ್ಧ ಸಂಬಳ ಕಿವಿಗೆ.

ಬುಧವಾರ ಆ ಮೆಟ್ಟಿಲು ಹತ್ತಿ ಬಂದವನು ಮುದ್ದುಕೃಷ್ಣ. ಮೈಸೂರಿನವನು. ಇಸ್ತ್ರಿ ಮಾಡಿದ ಶರ್ಟು, ಬಂಗಾರದ ಪೆನ್ನು. ಮೀನಿನ ಲಾಂಚುಗಳ ಮಾಲೀಕರ ಪರವಾಗಿ ಕೇಸು ತಯಾರಿಸುವ ಒಂದು ಕನ್ಸಲ್ಟೆನ್ಸಿಯಲ್ಲಿ ಅಡ್ವೈಸರ್. ಕುರ್ಚಿಯ ಧೂಳು ಒರೆಸಿ ಕೂತ.

"ಮೊಯ್ದಿನ್, ಶನಿವಾರ ಇಲ್ಲಿ ಮಾತುಕತೆ ಇದೆ. ಗೊತ್ತಲ್ವಾ?"

ಗೊತ್ತಿತ್ತು. 1997ರ ಅಕ್ಟೋಬರ್. ಈ ದೇಶಕ್ಕೂ ನೀರಿನಾಚೆಯ ದೇಶಕ್ಕೂ ವ್ಯಾಪಾರದ ಮಾತುಕತೆ. ಆಚೆ ದೇಶದ ಹೆಸರು ನನ್ನಿಂದ ಬೇಡ... ಅವರು ಇವರನ್ನು ಕರೆಯುವುದೂ 'ಆಚೆಯವರು' ಎಂದೇ. ಸುಂಕ, ಸಿಮೆಂಟು, ಅಲ್ಯುಮಿನಿಯಂ ಎಲ್ಲ ಮುಗಿದಿತ್ತು. ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ. ಮೀನು! ನಡುನೀರಿನಲ್ಲಿ ಗೆರೆ ಎಲ್ಲಿ? ಯಾರು ಎಲ್ಲಿ ಮೀನಿನ ಬೋನು ಇಳಿಸಬಹುದು? ಅವರು ಇವರ ಲಾಂಚ್ ಹಿಡಿಯುವುದು, ಇವರು ಅವರ ಲಾಂಚ್ ಹಿಡಿಯುವುದು... ಮೇಜಿನ ಮೇಲೆ ಇಡಲು ಇಸ್ಪೀಟಿನ ಎಲೆ ಕೂಡಿಸಿದ ಹಾಗೆ.

"ನಮ್ಮ ಒಂದು ಲಾಂಚ್ ಹಿಡಿದಿದಾರೆ," ಮುದ್ದುಕೃಷ್ಣನೆಂದ. "ಲಾಂಚ್ ನಡೆಸೋ ತಾಂಡೇಲ ಅಣ್ಣು ಅಂತ, ಮಲ್ಪೆಯವನು. ಜೊತೆಗೆ ಆಂಟನಿ ಅಂತ ಒಬ್ಬ. ಅದು ನಮ್ಮ ನೀರಲ್ಲೇ ಮೀನು ಹಿಡೀತಿತ್ತು, ಯಾವಾಗ್ಲೂ ಅಲ್ಲೇ ಹಿಡಿಯೋದು. ಅದೇ ನಮ್ಮ ವಾದ. ಆ ವಾದ ಗೆದ್ರೆ ಆ ನೀರು ನಮ್ಮದು."

"ಗೆಲ್ಲಿ. ನಾನೆಂತ ಮಾಡ್ಬೇಕು?"

ಅವನು ಬ್ಯಾಗಿನಿಂದ ಸಣ್ಣ ಟೇಪ್‌ರೆಕಾರ್ಡರ್ ತೆಗೆದ. "ಆವತ್ತಿನ ವಯರ್‌ಲೆಸ್ ಮಾತು. ಎಲ್ಲಿಂದ ಸಿಕ್ತು ಅಂತ ಕೇಳ್ಬೇಡಿ. ಅರ್ಧದಿಂದ ಶುರುವಾಗುತ್ತೆ. ಅರಬ್ಬಿ ಇದೆ, ಅದು ಗೊತ್ತಾಯ್ತು. ಆಮೇಲೆ ಯಾವ್ದೋ ಹಾಡು. ಮಲಯಾಳಿಗಳು ನಮ್ಮದಲ್ಲ ಅಂದ್ರು, ತಮಿಳರೂ ಅಲ್ಲ ಅಂದ್ರು. ಮಂಗಳೂರು ಕಡೆ ಬ್ಯಾರಿ ಭಾಷೆ ಇರ್ಬೋದು ಅಂದ್ರು ಯಾರೋ. ಕೇಳಿ."

ಗುಂಡಿ ಒತ್ತಿದ.

ಗರಗರ... ಅಲೆಯ ಸದ್ದು... ಇಂಜಿನ್ನಿನ ಸದ್ದು... ಸತ್ತವರಿಗೆ ಓದುವ ಕುರಾನಿನ ಯಾಸೀನ್ ಓದುತ್ತಿದ್ದ ಒಂದು ದನಿ. ಮುಗಿಯಿತು. ಮತ್ತೆ ಅದೇ ದನಿ ಬೇರೆ ಏನನ್ನೋ ಎತ್ತಿಕೊಂಡಿತು.

ಆ ಹಾಡು ನನಗೆ ಗೊತ್ತಿತ್ತು!

ಅದು ನನ್ನ ಅಜ್ಜಿಯ ಬೈತ್.

ಕಡಲಲ್ಲಿ ಹೋದವರಿಗಾಗಿ ಅಜ್ಜಿ ಮುಸ್ಸಂಜೆಯ ಮಗ್ರಿಬ್ ನಮಾಜಿನ ನಂತರ ಜಗಲಿಯಲ್ಲಿ ಕೂತು ಹೇಳುತ್ತಿದ್ದ ಪದ್ಯ. ತೆರೆಯೇ ಮೆಲ್ಲಗೆ ಬಾ, ಮಲಗಿದವನ ತಲೆಯಡಿಗೆ ನಿನ್ನ ಕೈ ಇಡು... ಎಂಬ ಅರ್ಥದ್ದು. ಲೋಕದಲ್ಲೆಲ್ಲ ಇಂಥ ಪದ್ಯದ ಸಾಲಿನ ಕೊನೆಗೆ ದನಿ ಇಳಿಸುತ್ತಾರೆ. ಅಜ್ಜಿ ಏರಿಸುತ್ತಿದ್ದಳು. ಯಾಕೆಂದು ಕೇಳಿದ್ದೆ. "ಸತ್ತವರ ಪದ್ಯ ಮೇಲೆ ಹೋಗ್ಬೇಕು ಮೋನೆ... ಕೆಳಗಲ್ಲ," ಎಂದಿದ್ದಳು.

ಆ ಏರುದನಿ ಕಲಿತವರು ಜಗಲಿಯ ಮೇಲೆ ಇಬ್ಬರೇ. ನಾನು. ಮತ್ತು ತಾಯಿಯಿಲ್ಲದ ರಮೀಝ್. ನನ್ನ ಉಮ್ಮನ ಹಾಲು ಕುಡಿದು ಬೆಳೆದವನು. ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ... ತಮ್ಮ.

ನಾನು ಮುಖ ಕಲ್ಲು ಮಾಡಿಕೊಂಡೆ.

"ಯಾರು ಇದು?" ಕೇಳಿದೆ.

"ಅದನ್ನೇ ನೀವು ಹುಡುಕಬೇಕು. ಆಚೆಯವರು ಒಂದು ಕತೆ ಹೇಳ್ತಿದಾರೆ, ಲಾಂಚ್ ಮೀನು ಹಿಡೀತಿರ್ಲಿಲ್ಲ, ಸೀದಾ ನಮ್ಮ ದಡದ ಕಡೆಗೇ ಬರ್ತಿತ್ತು ಅಂತ. ಈ ದನಿಯೋನಿಗೆ ಏನೋ ಗೊತ್ತು. ಶನಿವಾರದೊಳಗೆ ಅವನು ಊರಿಗೆ ಹೋಗಿರ್ಬೇಕು. ಗೌರವವಾಗಿ. ಟಿಕೆಟ್ ನಮ್ಮದು."

"ಹೋಗದಿದ್ರೆ?"

ಅವನು ಕಿಟಕಿಯಾಚೆ ನೋಡಿದ. ಕೆಳಗೆ ಬಿಳಿ ಲ್ಯಾಂಡ್ ಕ್ರೂಸರಿಗೆ ಒರಗಿ ಒಬ್ಬ ದಪ್ಪ ಮನುಷ್ಯ ಹಲ್ಲು ಕಡ್ಡಿ ಆಡಿಸುತ್ತಿದ್ದ.

"ಅವ್ನು ಜೇಕಬ್. ನಂಗೆ ಅವನನ್ನ ಕಳ್ಸೋದು ಇಷ್ಟ ಇಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ."

"ಕ್ಯಾಸೆಟ್ ಬಿಟ್ಟು ಹೋಗಿ," ನಾನೆಂದೆ. "ದನಿ ಇನ್ನೊಮ್ಮೆ ಕೇಳ್ಬೇಕು."

ಬಿಟ್ಟು ಹೋದ. ನಾನು ಇನ್ನೊಮ್ಮೆ ಕೇಳಲಿಲ್ಲ. ಬೇಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಿಕಪ್ ಹತ್ತಿ ಉತ್ತರಕ್ಕೆ ಹೊರಟೆ. ಅಲ್ ಶಮಾಲಿನ ತುದಿಯಲ್ಲಿ ರುವೈಸ್. ರಜೆ ದಿನ, ಬಂದರು ಖಾಲಿ. ಐಸ್ ಪ್ಲಾಂಟಿನ ಆಫೀಸಿನಲ್ಲಿ, ವಯರ್‌ಲೆಸ್ ಸೆಟ್ಟಿನ ಮುಂದೆ ರಮೀಝ್ ಕೂತಿದ್ದ. ನನ್ನ ಮುಖ ನೋಡಿಯೇ ಎದ್ದು ನಿಂತ.

"ಕೇಳಿದ್ರಾ ಇಚ್ಚಾ?"

"ಕೇಳಿದೆ. ಯಾರಿಗೆ ಓದಿದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲದವನಿಗೆ ಯಾಸೀನ್ ಓದಿದ್ಯಾ?"

"ಸತ್ತವನಿಗೆ ಹೆಸರು ಯಾಕೆ ಇಚ್ಚಾ?"

ಅವನು ಹೇಳಿದ್ದು ಇಷ್ಟು.

ಅಣ್ಣು ಬೋನು ಎತ್ತಲು ಹೋದವನು. ತಂತಿಯ ದೊಡ್ಡ ಬೋನುಗಳು, ತಳಕ್ಕೆ ಇಳಿಸಿ ಮೂರು ದಿನ ಬಿಟ್ಟು ಎತ್ತುವುದು. ಒಂದನ್ನೂ ಎತ್ತಲಿಲ್ಲ. ನೀರ ಮೇಲೆ ಒಂದು ಹೆಣ ತೇಲುತ್ತಿತ್ತು. ತೋಳಿನಲ್ಲಿ ಕಪ್ಪು ದಾರ, ದಾರದಲ್ಲಿ ತಾಯಿತ, ತಾಯಿತದ ಮೇಲೆ ಅರಬ್ಬಿ ಅಕ್ಷರ.

ಅಣ್ಣುವಿನ ಮನೆತನದ ದೋಣಿಗಳಲ್ಲಿ ಒಂದು ಕಟ್ಟಳೆ ಉಂಟು. ಕಡಲಲ್ಲಿ ಹೆಣ ಕಂಡರೆ ಬಿಟ್ಟು ಬರುವಂತಿಲ್ಲ. ಬಲೆ ಬಿಡು, ಮೀನು ಬಿಡು... ಹೆಣವನ್ನು ಹಗ್ಗದಲ್ಲಿ ಕಟ್ಟಿ ದಡಕ್ಕೆ ತಾ. ನಿನ್ನ ದಡಕ್ಕಲ್ಲ. ಅವನ ದಡಕ್ಕೂ ಅಲ್ಲ. ಹತ್ತಿರದ ದಡಕ್ಕೆ. ಕಡಲಲ್ಲಿ ಹೋದವನನ್ನು ಒಂದು ಗಳಿಗೆಯೂ ಹೆಚ್ಚು ಕಾಯಿಸಬಾರದು.

ಅಣ್ಣು ಸುತ್ತ ನೋಡಿದ. ಹತ್ತಿರದ ದಡ ಆಚೆಯದು.

ಹೊರಟೇಬಿಟ್ಟ!

ಗೆರೆ? ಗಸ್ತಿನ ಬೋಟು? ಮಾತುಕತೆ? ಆಂಟನಿ ಕೂಗಾಡಿದನಂತೆ. ಅಣ್ಣು ಕೇಳಲಿಲ್ಲ. ಕೇಳಲಿಲ್ಲ ಎನ್ನುವುದಕ್ಕಿಂತ... ವಯರ್‌ಲೆಸ್ ಎತ್ತಿಕೊಂಡ. ಎಲ್ಲರೂ ಕೇಳುವ ಓಪನ್ ಚಾನೆಲ್!

"ರಮೀಝ್ ಬ್ಯಾರಿಗಳೇ, ನಿಮ್ಮವ ಒಬ್ಬ ನನ್ನೊಟ್ಟಿಗಿದ್ದಾನೆ. ಪಾಪ, ಎಷ್ಟು ದಿನ ಆಯ್ತೋ. ನಂಗೆ ನಿಮ್ಮ ಮಂತ್ರ ಬರುದಿಲ್ಲ. ನೀವು ಅಲ್ಲಿಂದ್ಲೇ ಓದಿ. ನಾನು ಸೌಂಡ್ ಜಾಸ್ತಿ ಇಟ್ಟು ಅವನ ಕಡೆ ತಿರುಗಿಸ್ತೇನೆ."

ರಮೀಝ್ ಓದಿದ. ಲಾಂಚಿನ ಹಿಂದೆ ಹಗ್ಗದಲ್ಲಿ ತೇಲುತ್ತಿದ್ದವನಿಗೆ ಸ್ಪೀಕರಿನಿಂದ ಯಾಸೀನ್. ಆಮೇಲೆ ಅಜ್ಜಿಯ ಬೈತ್. ದಡ ಮುಟ್ಟುವವರೆಗೂ. ದಡದಲ್ಲಿ ಕಾವಲಿನವರು ಕಾಯುತ್ತಿದ್ದರು. ಹೆಣವನ್ನು ಇಳಿಸಿಕೊಂಡರು, ಅಣ್ಣುವನ್ನು ಹಿಡಿದುಕೊಂಡರು.

"ಕೊನೆಗೆ ಒಂದೇ ಮಾತು ಬಂತು ಇಚ್ಚಾ," ರಮೀಝ್ ಸೆಟ್ಟಿನ ಮೇಲೆ ಕೈಯಿಟ್ಟ. "'ಮುಟ್ಟಿತು ಬ್ಯಾರಿಗಳೇ' ಅಂದ. ಖುಷಿಯಲ್ಲಿ ಹೇಳಿದ."

ಈಗ ನನಗೆ ಇಡೀ ಆಟ ಕಂಡಿತು. ಇವರಿಗೆ ಬೇಕಾದದ್ದು ನಮ್ಮ ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಲಾಂಚ್. ಅವರಿಗೆ ಬೇಕಾದದ್ದು ಗೆರೆ ದಾಟಿ ಕದಿಯಲು ಬಂದ ಲಾಂಚ್. ಎರಡೂ ಕಡೆಗೆ ಬೇಕಾದದ್ದು ಮೀನು. ಹೆಣ ಯಾರಿಗೂ ಬೇಡ!

"ಈ ಕಡೆಯಲ್ಲಿ ಸಾಕ್ಷಿ ನಾನೊಬ್ಬನೇ," ರಮೀಝ್ ಎಂದ. "ದೋಹಾಕ್ಕೆ ಕರ್ಕೊಂಡು ಹೋಗಿ. ಮಾತುಕತೆಯ ಆ ದೊಡ್ಡ ಹೋಟೆಲಿನಲ್ಲಿ ಎರಡೂ ಕಡೆಯವರು ಇರ್ತಾರಲ್ಲ. ಹೇಳ್ತೇನೆ. ಮಯ್ಯತ್ ತಂದವನನ್ನು ಒಳಗೆ ಹಾಕುವ ಮುಸಲ್ಮಾನ ಎಲ್ಲಿದ್ದಾನೆ? ಕೇಳಿದ್ರೆ ಬಿಡ್ತಾರೆ."

"ನಿನ್ನ ಕೆಲಸ ಹೋಗ್ತದೆ."

"ಹೋಗ್ಲಿ."

"ವೀಸಾ ಹೋಗ್ತದೆ."

"ಅಣ್ಣುವಿಗೆ ಶುಗರ್ ಉಂಟು ಇಚ್ಚಾ. ಹಾರ್ಟಿನ ಮಾತ್ರೆ ನನ್ನ ಫ್ರಿಜ್ಜಿನ ಮೇಲೆ ಬಿಟ್ಟು ಹೋಗಿದ್ದಾನೆ."

ಪಿಕಪ್ಪಿನ ಬೀಗದ ಕೈ ತೆಗೆದೆ. "ಯಲ್ಲಾ. ಹೊರಡು."

ತಿರುಗಿದರೆ... ಬಾಗಿಲಲ್ಲಿ ಜೇಕಬ್! ಹಲ್ಲಿನ ನಡುವೆ ಕಡ್ಡಿ. ಕೈಯಲ್ಲಿ ಮೀನು ಎತ್ತುವ ಕಬ್ಬಿಣದ ಕೊಕ್ಕೆ. ಹಿಂದೆ ಇನ್ನಿಬ್ಬರು.

"ಥ್ಯಾಂಕ್ಸ್ ಮೊಯ್ದಿನ್ ಭಾಯ್. ದಾರಿ ತೋರಿಸಿದ್ದಕ್ಕೆ."

ಹಾಗೆ ನಾವು ಐಸಿನೊಳಗೆ ಬಂದೆವು.

ಬೆರಳು ಮರಗಟ್ಟುತ್ತಿತ್ತು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

"ಒಳಗಿನಿಂದ ತೆಗೆಯುವ ಹಿಡಿ ಇಲ್ವಾ?"

"ಇತ್ತು. ಹೋದ ವರ್ಷ ಮುರೀತು. ಹೇಳಿ ಹೇಳಿ ಸಾಕಾಯ್ತು."

"ಬೇರೆ ದಾರಿ?"

"ಐಸ್ ಹೋಗುವ ದಾರಿ."

ಗೋಡೆಯ ಬುಡಕ್ಕೆ ತೋರಿಸಿದ. ಅಲ್ಲೊಂದು ತಗಡಿನ ಮುಚ್ಚಳ, ಅದರಾಚೆ ಇಳಿಜಾರಿನ ಕೊಳವೆ. ಲಾಂಚ್ ಬಂದು ಕೆಳಗೆ ನಿಂತರೆ ಪುಡಿ ಐಸನ್ನು ಇದರಲ್ಲೇ ಸುರಿಯುವುದು. ಆ ಮೂಲೆಯಲ್ಲಿ ಮುಚ್ಚಳದ ಮೇಲೆ ಐಸಿನ ರಾಶಿ ಆಳೆತ್ತರ ಬಿದ್ದಿತ್ತು.

ಸಲಿಕೆ ಒಂದೇ. ಇನ್ನೊಂದು ಸಲಿಕೆ ನನ್ನ ಕೈ! ಅಗೆದೆವು. ಅಗೆದೆವು. ಉಗುರು ಕಿತ್ತು ಬಂದದ್ದು ಆಮೇಲೆ ಗೊತ್ತಾಯಿತು. ಮುಚ್ಚಳ ಎದ್ದಿತು. ಸಣ್ಣ ಬೆಳಕು. ಉಪ್ಪಿನ ವಾಸನೆ.

"ಇದರಲ್ಲಿ ಮನುಷ್ಯ ಹೋಗ್ತಾನಾ?"

"ಈವರೆಗೆ ಯಾರೂ ಹೋಗ್ಲಿಲ್ಲ."

"ನೀನು ಹೋಗು. ನೀನು ಸಪೂರ."

"ನೀವು ಸಿಕ್ಕಿಕೊಂಡ್ರೆ ನಾನು ಹಿಂದಿನಿಂದ ದೂಡ್ಬೇಕಲ್ಲ. ನೀವೇ ಮೊದಲು!"

ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಕಾಲು ಮುಂದೆ ಮಾಡಿ ಜಾರಿದೆ. ಭುಜ ಸಿಕ್ಕಿಕೊಂಡಿತು... ಅದರ ಮೇಲೆ ರಮೀಝನ ಕಾಲು ಬಿತ್ತು... ಧೊಪ್! ಸಾರಿನಂಥ ಬೆಚ್ಚನೆಯ ನೀರಿಗೆ ಬಿದ್ದೆ. ನನಗೆ ಈಜು ಬರುವುದಿಲ್ಲ. ಕಡಲ ಊರಿನವನು, ಕಡಲೆಂದರೆ ಹೆದರಿಕೆ. ರಮೀಝ್ ಕಾಲರ್ ಹಿಡಿದು ಮೆಟ್ಟಿಲಿಗೆ ಎಳೆದ.

ಪಿಕಪ್ ಸ್ಟಾರ್ಟ್ ಆದ ಸದ್ದಿಗೆ ಜೇಕಬ್ ಚಹಾದ ಲೋಟ ಎಸೆದು ಓಡಿ ಬಂದ.

ಶಮಾಲ್ ರಸ್ತೆ. ನೆಟ್ಟಗೆ. ಎರಡೂ ಬದಿ ಮಣ್ಣು, ಕಲ್ಲು, ಏನೂ ಇಲ್ಲ. ಅಡಗಲು ಒಂದು ಗಿಡವಿಲ್ಲದ ದೇಶದಲ್ಲಿ ಓಡುವುದು ಬಹಳ ಕಷ್ಟ, ನೋಡಿ. ಕನ್ನಡಿಯಲ್ಲಿ ಲ್ಯಾಂಡ್ ಕ್ರೂಸರ್ ದೊಡ್ಡದಾಗುತ್ತಲೇ ಇತ್ತು. ನನ್ನ ಪಿಕಪ್ ನೂರು ದಾಟಿದರೆ ನಡುಗುತ್ತದೆ. ನೂರಿಪ್ಪತ್ತರಲ್ಲಿ ಅಳುತ್ತದೆ!

ಗುದ್ದಿದ. ಹಿಂದಿನಿಂದ. ಬಂಪರ್ ಹೋಯಿತು.

"ಇಚ್ಚಾ!"

"ಹಿಡ್ಕೋ!"

ಇನ್ನೊಮ್ಮೆ ಗುದ್ದಿದ. ಪಿಕಪ್ ಮಣ್ಣಿಗಿಳಿದು ಎದ್ದು ಮತ್ತೆ ರಸ್ತೆಗೆ ಬಂತು. ಎಡಗಡೆ ಒಂದು ಸಣ್ಣ ಊರು. ನಾಲ್ಕು ಮನೆ, ಒಂದು ಬಕಾಲಾ ಅಂಗಡಿ, ಒಂದು ಮಸೀದಿ. ಮಸೀದಿಯ ಮುಂದೆ ಸಾಲು ಸಾಲು ಗಾಡಿಗಳು. ಶುಕ್ರವಾರ!

ಬ್ರೇಕ್ ಒತ್ತಿದೆ. ಧೂಳಿನ ಮೋಡದೊಳಗೆ ಹಾರಿ ಇಳಿದೆವು. ಒದ್ದೆ ಬಟ್ಟೆ, ರಕ್ತದ ಬೆರಳು. ಕಟ್ಟೆಯಲ್ಲಿ ತೊಳೆದುಕೊಂಡು ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ಪಕ್ಕದ ಮುದುಕ ನಮ್ಮನ್ನು ನೋಡಿದ. ಸರಿದು ಜಾಗ ಕೊಟ್ಟ.

ಕಿಟಕಿಯಾಚೆ ಜೇಕಬ್ ಕಾಯುತ್ತಿದ್ದ. ಅವನ ಕೊರಳಲ್ಲಿ ಶಿಲುಬೆ. ಇನ್ನೊಬ್ಬರ ದೇವರ ಮನೆಗೆ ನುಗ್ಗುವಷ್ಟು ಅವನು ಕೆಟ್ಟಿರಲಿಲ್ಲ.

ಶುಕ್ರವಾರದ ಪ್ರವಚನ, ಖುತ್ಬಾದ ನಡುವೆ, ಕಡಲಿಗೆ ಬಿದ್ದರೂ ಸಾಯದ ಸೊಂಟದ ಪೇಜರ್ ನಡುಗಿತು. ಮುದ್ದುಕೃಷ್ಣನ ನಂಬರ್. ಮತ್ತೆ ನಡುಗಿತು. ಮತ್ತೆ. ಆ ನಂಬರನ್ನು ಸೊಂಟದಲ್ಲಿಟ್ಟುಕೊಂಡೇ ನಾನು ಹಣೆ ನೆಲಕ್ಕಿಟ್ಟು ಸುಜೂದಿಗೆ ಬಾಗಿದೆ. ಅಣ್ಣುವನ್ನು ಮನೆಗೆ ತಲುಪಿಸು ಎಂದು ಕೇಳಿಕೊಂಡೆ. ಹೇಗೆ ತಲುಪಿಸಬೇಕು ಎಂದು ಬಿಡಿಸಿ ಕೇಳಲಿಲ್ಲ...

ನಮಾಜ್ ಮುಗಿಯಿತು. ಜನರ ನಡುವೆಯೇ ನಡೆದು ಬಕಾಲಾದ ಫೋನ್ ಎತ್ತಿದೆ. ಜೇಕಬ್ ಅಂಗಡಿಯ ಬಾಗಿಲಿಗೆ ಬಂದು ನಿಂತ.

"ಮೊಯ್ದಿನ್ ಸ್ಪೀಕಿಂಗ್."

"ಎಲ್ಲಿದೀರಿ?" ಮುದ್ದುಕೃಷ್ಣನ ದನಿಯಲ್ಲಿ ಇಸ್ತ್ರಿ ಇರಲಿಲ್ಲ. "ಆ ದನಿಯೋನು... ಸಿಕ್ಕಿದ್ನಾ?"

"ಸಿಕ್ಕಿದ. ನಾಳೆ ಹೋಟೆಲಿಗೆ ಬರ್ತಾನೆ. ಎಲ್ಲರ ಮುಂದೆ ಹೇಳ್ತಾನೆ. ನೀವು ಅಣ್ಣುವನ್ನು ಬಿಡಿಸಿ, ಇಲ್ಲಾಂದ್ರೆ..."

"ಬೇಡ ಮೊಯ್ದಿನ್."

"ಎಂತ ಬೇಡ?"

"ಅಣ್ಣು ಹೋಗ್ಬಿಟ್ಟ ಕಣ್ರೀ."

ಫ್ಯಾನು ತಿರುಗುತ್ತಿತ್ತು. ಅಂಗಡಿಯವನು ಯಾರಿಗೋ ಖುಬೂಸ್ ರೊಟ್ಟಿ ಕಟ್ಟಿಕೊಡುತ್ತಿದ್ದ.

"ಇವತ್ತು ಬೆಳಿಗ್ಗೆ. ಹಾರ್ಟು. ಆಸ್ಪತ್ರೆಗೆ ಸೇರ್ಸಿದ್ರಂತೆ, ಮುಗಿದಿತ್ತಂತೆ. ಇನ್ನು ಲಾಂಚಿನ ವಿಷ್ಯ ಯಾರೂ ಎತ್ತಲ್ಲ. ಎರಡೂ ಕಡೆಯೋರು ಕೈ ಬಿಟ್ರು. ಜೇಕಬ್‌ಗೆ ಈಗ ಫೋನ್ ಮಾಡ್ತೀನಿ. ಖಲಾಸ್."

ಫೋನ್ ಇಟ್ಟೆ. ಜೇಕಬ್‌ನ ಮೊಬೈಲ್ ಬಡಿದುಕೊಂಡಿತು. ಕೇಳಿದ. "ಓಕೆ ಸರ್" ಎಂದ. ಕೊಕ್ಕೆಯನ್ನು ಗಾಡಿಯೊಳಗೆ ಎಸೆದ. ನನ್ನ ಹತ್ತಿರ ಬಂದು ಸಿಗರೇಟ್ ಪ್ಯಾಕ್ ಚಾಚಿದ.

"ಸಾರಿ ಮೊಯ್ದಿನ್ ಭಾಯ್. ಡ್ಯೂಟಿ."

ಹೊರಟೇ ಹೋದ! ಒಂದು ಗಂಟೆಯ ಹಿಂದೆ ನಮ್ಮನ್ನು ಕೊಲ್ಲಲೂ ತಯಾರಿದ್ದವನು. ಯಾರದೋ ಸಾವಿನಿಂದ ನಮ್ಮ ಜೀವ ಉಳಿದಿತ್ತು. ಹಾಗೆ ಉಳಿದ ಜೀವ ಭಾರ ಇರುತ್ತದೆ.

ರಮೀಝ್ ಮಸೀದಿಯ ಮೆಟ್ಟಿಲ ಮೇಲೆ ಕೂತಿದ್ದ. ನಾನು ಹೇಳಬೇಕಾಗಲಿಲ್ಲ.

"ಮಾತ್ರೆ ಫ್ರಿಜ್ಜಿನ ಮೇಲೆ ಉಂಟು ಇಚ್ಚಾ," ಎಂದ. ಇನ್ನೊಮ್ಮೆ ಅದನ್ನೇ ಎಂದ.

ಸಂಜೆ ಆ ದೊಡ್ಡ ಹೋಟೆಲಿನ ಕಾಫಿ ಶಾಪಿನಲ್ಲಿ ಮುದ್ದುಕೃಷ್ಣನ ಎದುರು ಕೂತೆ. ನನ್ನ ಹತ್ತು ಬೆರಳಿಗೂ ಪಟ್ಟಿ. ಅವನು ಅದನ್ನು ನೋಡಿ ಕಾಫಿ ಕೆಳಗಿಟ್ಟ.

"ಜೇಕಬ್ ಇಷ್ಟು ದೂರ ಹೋಗ್ತಾನೆ ಅಂತ..."

"ಬಿಡಿ. ಹೆಣ ಯಾವಾಗ ಬರ್ತದೆ?"

"ಬರಲ್ಲ."

"ಎಂತ?"

"ಕಷ್ಟ ಅರ್ಥ ಮಾಡ್ಕೊಳ್ಳಿ. ನಾವು ಹೆಣ ಕೇಳಿದ್ರೆ ಎಲ್ಲಿ ಹಿಡಿದ್ರು ಅಂತ ಬರೀಬೇಕು. ಅವರ ನೀರಲ್ಲಿ ಅಂದ್ರೆ ನಾವು ಸೋತ ಹಾಗೆ. ನಮ್ಮ ನೀರಲ್ಲಿ ಅಂದ್ರೆ ಅವರು ಸಹಿ ಹಾಕಲ್ಲ. ನಾಳೆ ಎಲ್ಲದಕ್ಕೂ ಸಹಿ ಬೀಳುತ್ತೆ, ಈ ಟೈಮಲ್ಲಿ ಯಾರಿಗೂ ಆ ಪ್ರಶ್ನೆ ಬೇಡ. ಆಂಟನಿನ ಅಲ್ಲಿಂದಾನೇ ಬೊಂಬಾಯಿಗೆ ಹತ್ತಿಸ್ತಾರೆ. ಅಣ್ಣುನ..." ನಿಲ್ಲಿಸಿದ. "ಅಲ್ಲೇ ಎಲ್ಲಾದ್ರೂ ಮಾಡ್ತಾರೆ."

"ಅವನಿಗೆ ಹೆಂಡತಿ ಇದ್ದಾಳೆ."

"ಗೊತ್ತು ಮೊಯ್ದಿನ್."

"ಹೆಸರು ಗೊತ್ತುಂಟಾ?"

ಅವನು ಮೇಜು ನೋಡಿದ.

"ಕಾಂತಾಮಣಿ," ನಾನೆಂದೆ. ಜೇಬಿನಿಂದ ಕ್ಯಾಸೆಟ್ ತೆಗೆದು ಸಕ್ಕರೆ ಬಟ್ಟಲಿನ ಪಕ್ಕ ಇಟ್ಟೆ. "ಆ ಮೂಲೆಯಲ್ಲಿ ಕೂತವರು ಪೇಪರಿನವರು. ಇದರಲ್ಲಿ ಎಂತ ಉಂಟು ಅಂತ ನಾನು ತರ್ಜುಮೆ ಮಾಡಿ ಹೇಳ್ಲಾ? ಹೆಣ ತಂದವನನ್ನು ಎರಡು ದೇಶ ಸೇರಿ ಹೇಗೆ ಹೆಣ ಮಾಡಿದ್ರು ಅಂತ?"

"ನನ್ನ ಕೆಲಸ ಹೋಗುತ್ತೆ ಕಣ್ರೀ." ಪಿಸುಗುಟ್ಟಿದ. "ಏನ್ ಬೇಕು ಹೇಳಿ. ಎಷ್ಟು?"

"ಒಂದು ಲಾಂಚ್, ಮಾಲೀಕನ ಪರ್ಮಿಷನ್ ಸಮೇತ. ಮತ್ತೆ ಒಂದು ಸುದ್ದಿ. ಗೆರೆಯ ಮೇಲೆ ಗಸ್ತಿನ ಬೋಟ್ ಯಾವಾಗ ಇರುದಿಲ್ಲ?"

ಅವನ ಕಣ್ಣು ಕೆಂಪಾಗಿತ್ತು. ಕೆಟ್ಟವನಲ್ಲ, ನೋಡಿ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭ.

"ನಾಳೆ ಮಧ್ಯಾಹ್ನ, ಸಹಿ ಹಾಕುವಾಗ," ಎಂದ. "ಎರಡೂ ಕಡೆ ಬೋಟ್‌ಗಳು ವಾಪಸ್ ಬಂದರಿಗೆ. ಗುಡ್‌ವಿಲ್ ಅಂತ, ಫೋಟೋ ಇದೆ. ಸೂರ್ಯ ಮುಳುಗೋವರೆಗೂ ಯಾರೂ ಇರಲ್ಲ." ಕ್ಯಾಸೆಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ. ನನ್ನ ಕಡೆಗೇ ತಳ್ಳಿದ. "ಆ ಹಾಡು... ಅರ್ಥ ಏನು?"

ಹೇಳಿದೆ. ಬಂಗಾರದ ಪೆನ್ನು ತೆರೆದು ಲಾಂಚಿನ ಮಾಲೀಕನಿಗೆ ಚೀಟಿ ಬರೆದುಕೊಟ್ಟ.

ಆ ರಾತ್ರಿಯೇ ರಮೀಝ್ ವಯರ್‌ಲೆಸ್ಸಿನಲ್ಲಿ ಆಚೆಯವರನ್ನು ಕರೆದ. ದೇಶಗಳು ಮಾತಾಡದಿದ್ದರೂ ಮೀನುಗಾರರು ಮಾತಾಡುತ್ತಾರೆ. ಗಾಳಿ, ಅಲೆ, ಕಳೆದುಹೋದ ಬೋನು... ದಿನವೂ ಇದ್ದದ್ದೇ. ಆಚೆಯಿಂದ ಒಬ್ಬ ಮುದುಕನ ದನಿ ತಾನಾಗಿಯೇ ಕೇಳಿತು. "ಸತ್ತವನ ಕಡೆಯವರು ಯಾರಾದರೂ ಇದ್ದೀರಾ?"

ಮರುದಿನ ನಡುಕಡಲು. ಗೆರೆ ಎಂದರೆ ಅಲ್ಲಿ ಏನೂ ಇಲ್ಲ. ಕಂಬವಿಲ್ಲ, ಬೇಲಿಯಿಲ್ಲ. ಈಚೆಯ ನೀರು, ಆಚೆಯ ನೀರು... ಒಂದೇ ಬಣ್ಣ. ನಾನು ಲಾಂಚಿನ ಕಂಬವನ್ನು ತಬ್ಬಿಕೊಂಡು ಕೂತಿದ್ದೆ. ದೂರದಲ್ಲಿ ಒಂದು ಹಳೆಯ ಮರದ ಲಾಂಚ್ ಕಾಣಿಸಿತು. ನಿಧಾನವಾಗಿ ಬಂತು. ಎರಡೂ ಪಕ್ಕ ಪಕ್ಕ ನಿಂತವು. ಟೈರಿಗೆ ಟೈರು ಉಜ್ಜಿತು.

ರಾತ್ರಿ ಮಾತಾಡಿದ ಮುದುಕನೇ. ಬಿಳಿ ಗಡ್ಡದ ನಖೋದಾ, ಲಾಂಚಿನ ಯಜಮಾನ. ಅವನ ಕಾಲ ಬಳಿ, ಐಸಿನ ಮೇಲೆ, ಅಣ್ಣು.

ಅಣ್ಣುವನ್ನು ನಮ್ಮಲ್ಲಿ ಹೆಣಕ್ಕೆ ಹೊದಿಸುವ ಬಿಳಿ ಕಫನಿನಲ್ಲಿ ಸುತ್ತಿದ್ದರು.

"ನಮಗೆ ನಿಮ್ಮವರ ಪದ್ಧತಿ ಗೊತ್ತಿಲ್ಲ," ಮುದುಕ ಅರಬ್ಬಿಯಲ್ಲಿ ಹೇಳಿದ. "ನಮ್ಮವನಿಗೆ ಮಾಡಿದ ಹಾಗೆ ಮಾಡಿದೆವು. ತಪ್ಪಾಗಿದ್ದರೆ ಕ್ಷಮಿಸಿ."

"ಹೆಣ ಹೇಗೆ ಬಿಡಿಸಿದಿರಿ?" ನಾನು ಕೇಳಿದೆ. ನನ್ನ ಕಸುಬಿನ ಪ್ರಶ್ನೆ. ಅಭ್ಯಾಸ.

"ಆಸ್ಪತ್ರೆಯಲ್ಲಿ ಯಾರೂ ಹೊಣೆ ಹೊತ್ತಿರಲಿಲ್ಲ. ಮೂಲೆಯಲ್ಲಿ ಇಟ್ಟಿದ್ದರು. ಹೋಗಿ ನನ್ನ ತಮ್ಮ ಎಂದೆ. ಕೊಟ್ಟರು."

"ನಂಬಿದ್ರಾ?"

"ಹೋದ ವಾರ ಇವನು ದಡಕ್ಕೆ ತಂದದ್ದು ನನ್ನ ತಮ್ಮನನ್ನು." ಮುದುಕ ಅಣ್ಣುವಿನ ತಲೆಯ ಬಳಿ ಬಟ್ಟೆ ಸರಿಮಾಡಿದ. "ನಾನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ?"

ಐಸಿನ ಸಮೇತ ಎತ್ತಿ ಈಚೆಗೆ ಇಟ್ಟೆವು. ಭಾರವಿದ್ದ. ಪಟ್ಟಿ ಕಟ್ಟಿದ ಬೆರಳಿನಿಂದ ರಕ್ತ ಒಸರಿ ಕಫನಿನ ಅಂಚಿಗೆ ತಾಗಿತು. ಮುದುಕನ ಲಾಂಚ್ ತಿರುಗಿತು. ಕೈ ಬೀಸಲಿಲ್ಲ ಯಾರೂ.

ನಾವೂ ದಡಕ್ಕೆ ತಿರುಗಿದೆವು. ರಮೀಝ್ ಅಣ್ಣುವಿನ ತಲೆಯ ಬಳಿ ಕೂತ. "ಯಾಸೀನ್ ಅವನದ್ದಲ್ಲ. ಅಜ್ಜಿಯದ್ದು ಹೇಳ್ಬಹುದಲ್ಲ ಇಚ್ಚಾ? ಅದು ಕಡಲಿನದ್ದು."

"ಹೇಳು."

ಶುರು ಮಾಡಿದ. ತೆರೆಯೇ ಮೆಲ್ಲಗೆ ಬಾ... ಎರಡನೆಯ ಸಾಲಿನ ನಡುವೆ ನಿಲ್ಲಿಸಿದ. ಮತ್ತೆ ಪ್ರಯತ್ನಿಸಿದ. ಆಗಲಿಲ್ಲ. ಇಂಜಿನ್ ಮಾತ್ರ ಡುಗುಡುಗು ಎನ್ನುತ್ತಿತ್ತು. ಸಾಲು ಅರ್ಧಕ್ಕೆ ನಿಂತು ಗಾಳಿಯಲ್ಲಿ ತೂಗುತ್ತಿತ್ತು.

ನಾನು ಕೇಳುವವನು. ಓದುವವನಲ್ಲ. ಅಜ್ಜಿ ಹೋದ ದಿನವೂ ಮೂಲೆಯಲ್ಲಿ ಕೂತು ಕೇಳಿದವನು. ಕಂಬ ಬಿಟ್ಟೆ. ಅಣ್ಣುವಿನ ಪಕ್ಕ ಕೂತೆ. ಒಡಕು ದನಿಯಲ್ಲಿ ಸಾಲು ಮುಗಿಸಿದೆ... ಕೊನೆಯಲ್ಲಿ ದನಿ ಇಳಿಸದೆ, ಮೇಲಕ್ಕೆ. ರುವೈಸಿನ ದೀಪ ಕಾಣುವವರೆಗೂ ಹೇಳಿದೆ. ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಲಾಂಚ್ ಕಲ್ಲಿಗೆ ತಾಗಿತು. ರಮೀಝ್ ಬಗ್ಗಿ ಅಣ್ಣುವಿನ ಕಿವಿಯ ಹತ್ತಿರ ಹೇಳಿದ.

"ಮುಟ್ಟಿತು ಅಣ್ಣು."

ಉಳಿದದ್ದು ನನ್ನ ಕಸುಬು. ದಾಖಲೆಗೆ 'ಕಡಲಲ್ಲಿ ಸಿಕ್ಕಿದ ದೇಹ' ಎಂದಾಯಿತು. ಸುಳ್ಳಲ್ಲ. ಕಡಲಿಗೆ ಪಾಸ್‌ಪೋರ್ಟ್ ಇಲ್ಲ, ಯಾವ ದೇಶದ ನೀರೆಂದು ಯಾರೂ ಕೇಳಲಿಲ್ಲ. ಅಣ್ಣು ಬೊಂಬಾಯಿಯ ಮೂಲಕ ಮಂಗಳೂರಿಗೆ ಹೋದ. ನಾನು ಕಾಂತಾಮಣಿಗೆ ಫೋನ್ ಮಾಡಿದೆ.

"ಹೆಣ ದಡಕ್ಕೆ ತಂದದ್ದು ಯಾರು ಸಾಹೇಬ್ರೇ?" ಅವಳು ಕೇಳಿದಳು. "ನಮ್ಮಲ್ಲಿ ತಂದವರ ಮನೆಗೆ ವರ್ಷಕ್ಕೊಮ್ಮೆ ಅಕ್ಕಿ ಕೊಡ್ಲಿಕ್ಕುಂಟು."

"ಎರಡು ಮನೆ ಅಮ್ಮಾ," ನಾನೆಂದೆ. "ಒಂದಕ್ಕೆ ನಿಮ್ಮ ಅಕ್ಕಿ ಮುಟ್ಟುದಿಲ್ಲ."

ರಮೀಝನ ಕೆಲಸ ಹೋಯಿತು. ಈಗ ಮೆಸಯೀದಿನಲ್ಲಿ ಬಸ್ ಓಡಿಸುತ್ತಾನೆ. ವಯರ್‌ಲೆಸ್ ಸೆಟ್ಟಿನ ಹತ್ತಿರ ಹೋಗುವುದಿಲ್ಲ.

ಮಾತುಕತೆ? ಅದು ಗೆದ್ದಿತು! ಪೇಪರಿನ ಮೊದಲ ಪುಟದಲ್ಲಿ ಎಲ್ಲರೂ ನಗುತ್ತಿದ್ದರು. ಗೆರೆ ಎಲ್ಲಿ ಎನ್ನುವುದನ್ನು ಮುಂದಿನ ಸಲಕ್ಕೆ ಬಿಟ್ಟರಂತೆ. ಒಂದರ ಮೇಲೆ ಮಾತ್ರ ಕೂಡಲೇ ಒಪ್ಪಿಗೆಯಾಯಿತು. ಇನ್ನು ಮುಂದೆ ಮೀನು ಗಡಿ ದಾಟಬಹುದು... ಸುಂಕವಿಲ್ಲ, ತಡೆಯಿಲ್ಲ.

ಷರತ್ತು ಒಂದೇ. ಸತ್ತಿರಬೇಕು, ಐಸಿನಲ್ಲಿರಬೇಕು.